ಹೊಗೆಯೂ ಸೌದೆಯೇ

ಕೇಳುಗರೆಲ್ಲರಿಗೂ ನಮಸ್ಕಾರ. ನಿಮ್ಮಲ್ಲಿ ಹಲವರು ಈಗ ಬಚ್ಚಲೊಲೆಗೆ ಸೌದೆ ಒಡ್ಡಿ, ಹಂಡೆಯ ನೀರು ಕಾಯಲೆಂದು ಕೂತಿರಬಹುದು. ಒಲೆ ಹೊಗೆಯಾಡುತ್ತಿದೆಯೇ? ಹಾಗಿದ್ದರೆ ನಿಮ್ಮ ಸೌದೆ ವ್ಯರ್ಥವಾಗುತ್ತಿದೆ. ಹೊಗೆ ಎಂದರೆ ಉರಿಯದೆ ಹೋದ ಸೌದೆ. ಇವತ್ತು ನಾನು ಹೇಳಬೇಕೆಂದಿರುವುದು ಇದೊಂದೇ.

ಸೌದೆಗೆ ಬಿಸಿ ತಾಗಿದಾಗ ಮೊದಲು ಒಳಗಿನ ನೀರು ಆವಿಯಾಗುತ್ತದೆ. ಬಿಸಿ 200–300 ಡಿಗ್ರಿಗೆ ಏರಿದಾಗ ಮರದ ನಾರು ಒಡೆದು ಅನಿಲ ಬಿಡುತ್ತದೆ. ಒಣಸೌದೆಯ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಹೀಗೇ ಹೊರಡುತ್ತದೆ. ಆ ಅನಿಲ ಗಾಳಿಯ ಆಮ್ಲಜನಕದ ಜೊತೆ ಕೂಡಿದರೆ ಜ್ವಾಲೆ. ಕೂಡದಿದ್ದರೆ ಹೊಗೆ. ಉಳಿದ ಇದ್ದಿಲು ಕೆಂಡವಾಗಿ ನಿಧಾನಕ್ಕೆ ಉರಿಯುತ್ತದೆ.

ಒಂದು ಹಳ್ಳಿಯ ಶಾಲೆಯಲ್ಲಿ ಹೀಗೆಂದಾಗ ಅಜ್ಜಿಯೊಬ್ಬರು ಎದ್ದು, "ಹೊಗೆ ಎಲ್ಲಾದ್ರೂ ಉರೀತದಾ ಸ್ವಾಮಿ? ನಮ್ ಕಣ್ಣು ಉರೀತದೆ ಅಷ್ಟೇ" ಅಂದರು. ಬಿಸಿಯೂಟದ ಅಡುಗೆಮನೆಯಿಂದ ಖಾಲಿ ತಗಡಿನ ಡಬ್ಬಿಯೊಂದನ್ನು ತರಿಸಿದೆ. ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು, ಒಣ ಸರ್ವೆ ಚಕ್ಕೆ ತುಂಬಿ ಕೆಂಡದ ಮೇಲಿಟ್ಟೆ. ಮೊದಲು ಬಂದದ್ದು ಬಿಳಿ ಆವಿ. ಬೆಂಕಿಕಡ್ಡಿ ಹಿಡಿದರೆ ಹತ್ತಲಿಲ್ಲ, ಮಕ್ಕಳು ನಕ್ಕರು. ಸ್ವಲ್ಪ ಹೊತ್ತಿಗೆ ಹಳದಿ ಬೆರೆತ ದಟ್ಟ ಹೊಗೆ, ಮೂಗಿಗೆ ಅಡರುವ ಘಾಟು. ಆಗ ಕಡ್ಡಿ ಗೀರಿ ಹಿಡಿದೆ. ತೂತಿನ ಮೇಲೆ ಬೆರಳುದ್ದದ ಉರಿ ಎದ್ದಿತು, ಹೊಗೆ ಮಾಯ! ತಣಿದ ಮೇಲೆ ಮುಚ್ಚಳ ತೆಗೆದರೆ ಚಕ್ಕೆಗಳು ಆಕಾರ ಕೆಡದೆ ಕಪ್ಪಗೆ ಕೂತಿದ್ದವು. ಅಜ್ಜಿ ಒಂದನ್ನು ಎತ್ತಿ ಉಜ್ಜಿ ನೋಡಿ, "ಹಂಗಾದ್ರೆ ಇಷ್ಟು ದಿನ ಹೆಂಚಿನ ಸಂದಿಲಿ ಹೋಗಿದ್ದೆಲ್ಲ ಸೌದೇನೇ?" ಅಂದರು. ಹೌದಮ್ಮ, ಸೌದೆಯೇ!

ಸಮಯ ಮುಗಿಯುತ್ತ ಬಂತು, ಬೇಗ ಹೇಳಿಬಿಡುತ್ತೇನೆ. ಹೊಗೆ ಉರಿಯಬೇಕಾದರೆ ಬಿಸಿಯೂ ಬೇಕು, ಗಾಳಿಯೂ ಬೇಕು. ಹಸಿಸೌದೆ ಬಿಸಿಯನ್ನು ನುಂಗುತ್ತದೆ. ತಣ್ಣೀರನ್ನು ಕುದಿಗೆ ತರಲು ಬೇಕಾದ ಶಾಖಕ್ಕಿಂತ, ಕುದಿಯುವ ನೀರನ್ನು ಪೂರ್ತಿ ಆವಿ ಮಾಡಲು ಐದು ಪಟ್ಟಿಗೂ ಹೆಚ್ಚು ಶಾಖ ಬೇಕು. ಇನ್ನು ಗಾಳಿ. ಒಲೆಯ ಬಾಯಿ ಮುಚ್ಚುವಷ್ಟು ಕೊರಡು ತುರುಕಿ ಆಮೇಲೆ ಊದುಗೊಳವೆ ಹಿಡಿದು ಕೂರುತ್ತೀರಲ್ಲ, ದಯವಿಟ್ಟು ಬೇಡ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಯಲ್ಲಿ ಸೌದೆಯ ಕೆಳಗೆ ಜಾಲರಿ ಇದೆ. ಅಡಿಯಿಂದ ಗಾಳಿ ಬರಲಿ ಎಂದೇ ಅದು. ಸೌದೆಯನ್ನು ಸಣ್ಣಗೆ ಸೀಳಿ, ಮಳೆಗಾಲಕ್ಕೆ ಮುಂಚೆಯೇ ಗಾಳಿಯಾಡುವಂತೆ ಒಟ್ಟಿಡಿ. ಎರಡು ತುಂಡು ತಾಗಿಸಿದರೆ ಟಣ್ ಎನ್ನಬೇಕು. ದಪ್ ಎಂದರೆ ಇನ್ನೂ ಹಸಿ, ಒಲೆಗೆ ಹಾಕಬೇಡಿ. ನಮಸ್ಕಾರ.