ಹಳೆ ಕಾಲದ ಅಡುಗೆಮನೆಯಲ್ಲಿ ಒಂದು ಬೇಸಿಗೆ

ಕೇಳುಗರಿಗೆ ನಮಸ್ಕಾರ.

"ಈ ಬೆಂಕಿ ನಿಜವಾದದ್ದಾ?" ಅಮೆರಿಕದ ಬಯಲು ಮ್ಯೂಸಿಯಂ ಓಲ್ಡ್ ಸ್ಟರ್ಬ್ರಿಡ್ಜ್ ವಿಲೇಜ್‌ನಲ್ಲಿ ಒಲೆ ಮುಂದೆ ನಿಂತವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಮಕ್ಕಳು ಮಾತ್ರ ಅಲ್ಲ, ದೊಡ್ಡವರೂ ಕೇಳುತ್ತಾರೆ. ನಾನು ಮ್ಯಾಸಚೂಸೆಟ್ಸ್‌ನಲ್ಲಿದ್ದಾಗ ಒಂದು ಬೇಸಿಗೆ ಅಲ್ಲಿ ಸ್ವಯಂಸೇವಕಿಯಾಗಿದ್ದೆ. ಈ ಪ್ರಶ್ನೆ ಕೇಳಿದಾಗ ನನಗೆ ಒಮ್ಮೆಯೂ ಬೇಸರ ಆಗಲಿಲ್ಲ. ಸೌದೆ ಒಲೆ ಉರಿಯುವುದನ್ನೇ ನೋಡದೆ ಬೆಳೆದವರಿಗೆ ಅದು ನಿಜವಾದ ಪ್ರಶ್ನೆ ತಾನೇ?

ಆ ಜಾಗ ಶುರುವಾದದ್ದು 1946ರಲ್ಲಿ. ಸುಮಾರು 200 ಎಕರೆ. ಬೇರೆ ಬೇರೆ ಊರಿನ ಹಳೆ ಮನೆ, ಅಂಗಡಿ, ಗಿರಣಿಗಳನ್ನು ಅಲ್ಲಿಗೆ ತಂದು ನಿಲ್ಲಿಸಿದ್ದಾರೆ. 1790ರಿಂದ 1830ರ ದಶಕದವರೆಗೆ ನ್ಯೂ ಇಂಗ್ಲೆಂಡಿನ, ಅಂದರೆ ಅಮೆರಿಕದ ಈಶಾನ್ಯ ಭಾಗದ, ಹಳ್ಳಿ ಹೇಗಿತ್ತೋ ಹಾಗೆ. ಕಮ್ಮಾರ ಕಬ್ಬಿಣ ಬಡಿಯುತ್ತಾನೆ, ಕುಂಬಾರ ಮಡಕೆ ಮಾಡುತ್ತಾನೆ, ಹೊಲದಲ್ಲಿ ಎತ್ತು ದುಡಿಯುತ್ತವೆ. ಆ ಕಾಲದ ಬಟ್ಟೆ ತೊಟ್ಟು, ಆ ಕಾಲದ ಕೆಲಸ ಮಾಡುತ್ತಾ, ಬಂದವರೊಡನೆ ಮಾತಾಡುವವರನ್ನು ಇಂಟರ್‌ಪ್ರಿಟರ್ ಅನ್ನುತ್ತಾರೆ. ಇಂಥ ಬಯಲು ಮ್ಯೂಸಿಯಂಗಳಿಗೆಲ್ಲ ಹಿರಿಯಣ್ಣ ಸ್ವೀಡನ್ನಿನ ಸ್ಕಾನ್ಸೆನ್. 1891ರಲ್ಲಿ ಆರ್ಟರ್ ಹಜೇಲಿಯಸ್ ಎಂಬಾತ ಸ್ಟಾಕ್‌ಹೋಮಿನಲ್ಲಿ ಅದನ್ನು ತೆರೆದ.

ಈ ಕೆಲಸದಲ್ಲಿ ಎರಡು ದಾರಿ ಇದೆ. ಮ್ಯಾಸಚೂಸೆಟ್ಸ್ ರಾಜ್ಯದಲ್ಲೇ ಇನ್ನೊಂದು ಬಯಲು ಮ್ಯೂಸಿಯಂ ಇರುವ ಪ್ಲಿಮತ್‌ನಲ್ಲಿ, ಇಂಗ್ಲಿಷರ ವಸಾಹತಿನಲ್ಲಿ ನಿಂತವರು ಪಾತ್ರವೇ ಆಗಿಬಿಡುತ್ತಾರೆ. 17ನೇ ಶತಮಾನದ ರೈತನಾಗಿಯೇ ಮಾತಾಡುತ್ತಾರೆ, ಫೋನು, ಕಾರು ಅಂದರೆ ಗೊತ್ತಿಲ್ಲ ಅನ್ನುತ್ತಾರೆ. ಆದರೆ ಪಕ್ಕದಲ್ಲೇ ಇರುವ ವಾಂಪನೋಗ್ ಮೂಲನಿವಾಸಿಗಳ ನೆಲೆಯಲ್ಲಿ ಹಾಗಲ್ಲ. ಅಲ್ಲಿರುವ ಮೂಲನಿವಾಸಿಗಳು ಇವತ್ತಿನವರಾಗಿಯೇ ಮಾತಾಡುತ್ತಾರೆ. ನಮ್ಮ ಸ್ಟರ್ಬ್ರಿಡ್ಜ್‌ನಲ್ಲೂ ಬಟ್ಟೆ ಹಳೆಯದು, ಮಾತು ಇವತ್ತಿನದು. "ಅವರು ಹೀಗೆ ಮಾಡುತ್ತಿದ್ದರು" ಅಂತ ಹೇಳುತ್ತೇವೆ. ನನಗೆ ಈ ದಾರಿಯೇ ಇಷ್ಟ. ಪಾತ್ರದೊಳಗೆ ಇದ್ದರೆ ಮುಂದೆ ಏನಾಯಿತು ಅಂತ ಹೇಳೋಕೆ ಆಗಲ್ಲ.

ಒಲೆ ಹತ್ತಿರ ಹೋಗುವವರು ಹತ್ತಿ, ಉಣ್ಣೆ, ನಾರುಬಟ್ಟೆ ಮಾತ್ರ ಉಡಬೇಕು. ಪಾಲಿಯೆಸ್ಟರ್ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಗೋಡೆಯಲ್ಲಿ ಇಟ್ಟಿಗೆಯ ಗೂಡೊಲೆ ಇರುತ್ತದೆ. ಅದರೊಳಗೇ ಸೌದೆ ಹಚ್ಚಿ, ಇಟ್ಟಿಗೆ ಚೆನ್ನಾಗಿ ಕಾಯುವ ತನಕ ಉರಿಸಿ, ಆಮೇಲೆ ಕೆಂಡ, ಬೂದಿ ಎಲ್ಲ ಹೊರಗೆಳೆಯುತ್ತಾರೆ. ಕಾವು ಎಷ್ಟಿದೆ ಅಂತ ನೋಡಲು ಬರಿಗೈ ಒಳಗಿಟ್ಟು ಎಣಿಸಬೇಕು. ಎಷ್ಟು ಎಣಿಸುವವರೆಗೆ ಕೈ ತಡೆಯುತ್ತದೆ ಅನ್ನುವುದೇ ಲೆಕ್ಕ. ಇದನ್ನು ಯಾರು ಕಲಿಸಿದರು ಅಂತೀರಾ? ಆ ಕಾಲದ ಹೆಂಗಸರು ಹೋಗಿ ಎಷ್ಟೋ ವರ್ಷ ಆಯಿತು. ಅವರ ದಿನಚರಿ, ಅಂಗಡಿ ಲೆಕ್ಕದ ಪುಸ್ತಕ, ಸತ್ತವರ ಮನೆಯ ಸಾಮಾನಿನ ಪಟ್ಟಿ, ಆಗ ಅಚ್ಚಾದ ಅಡುಗೆ ಪುಸ್ತಕ, ಇವನ್ನೆಲ್ಲ ಓದಿ, ಮಾಡಿ ನೋಡಿ, ಒಂದೊಂದಾಗಿ ಮತ್ತೆ ಕಲಿತಿದ್ದಾರೆ. ಅಷ್ಟು ತಾಳ್ಮೆಗೆ ಕೈ ಮುಗಿಯಬೇಕು.

ಒಂದು ದಿನ ನಾನು ಬೆಣ್ಣೆ ಕಡೆಯುತ್ತಿದ್ದೆ. ಅಲ್ಲಿಯ ಕಡೆಯುವ ಪಾತ್ರೆ ಎತ್ತರದ ಮರದ ಕೊಳಗ. ಮುಚ್ಚಳದ ತೂತಿನಲ್ಲಿ ಕೋಲು. ನಮ್ಮ ಕಡಗೋಲಿನಂತೆ ಹಗ್ಗ ಎಳೆಯುವಂತಿಲ್ಲ, ಮೇಲೆ ಕೆಳಗೆ ಕುಟ್ಟಬೇಕು. ರಜೆಗೆ ಮಗನ ಮನೆಗೆ ಬಂದಿದ್ದ ಹಾಸನದ ಕಡೆಯ ಅಜ್ಜಿಯೊಬ್ಬರು ಸ್ವೆಟರ್ ಹಾಕಿಕೊಂಡು, ಸೀರೆಯ ಸೆರಗು ಸಿಕ್ಕಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು. ನಾನು ಕನ್ನಡದಲ್ಲಿ "ಬನ್ನಿ ಅಜ್ಜಿ" ಅಂದೆ. ಅವರಿಗೆ ಆಶ್ಚರ್ಯ ಪಡಲೂ ಪುರುಸೊತ್ತಿಲ್ಲ, ಕಣ್ಣೆಲ್ಲ ಕೊಳಗದ ಮೇಲೆ.

"ಏನವ್ವಾ, ಬರೀ ಕೆನೆ ಕಡೀತಿದೀಯಾ? ಹೆಪ್ಪು ಹಾಕಲ್ವಾ?"

"ಇಲ್ಲಿ ಕೆನೆ ತೆಗೆದು ಅದನ್ನೇ ಕಡೀತಾರೆ ಅಜ್ಜಿ. ಆಮೇಲೆ ಉಪ್ಪು ಹಾಕಿ ಇಡ್ತಾರೆ."

"ಬೆಣ್ಣೆಗೆ ಉಪ್ಪಾ! ಕಾಯಿಸಿ ತುಪ್ಪ ಮಾಡಿದ್ರೆ ಆಗ್ತಿರಲಿಲ್ವಾ?"

ಅಷ್ಟು ಹೇಳಿ ಕೋಲು ತಗೊಂಡರು. ಸ್ವಲ್ಪ ಹೊತ್ತು ಕುಟ್ಟಿ, ಕಿವಿ ಕೊಟ್ಟು, "ಸದ್ದು ದಪ್ಪ ಆಯ್ತು ನೋಡು, ಬಂತು" ಅಂದರು. ಮುಚ್ಚಳ ತೆಗೆದರೆ ಬೆಣ್ಣೆ ಕಾಳುಕಾಳಾಗಿ ತೇಲುತ್ತಿತ್ತು. ಸುತ್ತ ನಿಂತಿದ್ದ ಅಮೆರಿಕನ್ನರು ಅವರನ್ನೇ ಕೇಳಲು ಶುರು ಮಾಡಿದರು. ಎಮ್ಮೆ ಹಾಲಾ, ಹಸುವಿನದಾ? ಮಜ್ಜಿಗೆ ಏನು ಮಾಡ್ತೀರಿ? ಚಳಿಯಲ್ಲಿ ಬೆಣ್ಣೆ ಬರದಿದ್ದರೆ? ಅಜ್ಜಿ ಹೇಳುತ್ತಾ ಹೋದರು, ನಾನು ಇಂಗ್ಲಿಷಿಗೆ ದಾಟಿಸುತ್ತಾ ಹೋದೆ. ಆ ಅಡುಗೆಮನೆಯಲ್ಲಿ ಪುಸ್ತಕ ಓದದೆ ಈ ಕೆಲಸ ಕಲಿತವರು ಅವರೊಬ್ಬರೇ.

ನನ್ನ ಬಣ್ಣ ನೋಡಿ ಕೆಲವರು ಕೇಳುತ್ತಿದ್ದರು, "ಆಗ ನಿಮ್ಮಂಥವರು ಇಲ್ಲಿ ಇದ್ದರಾ?" ಒಳ್ಳೆಯ ಪ್ರಶ್ನೆ. ಮ್ಯಾಸಚೂಸೆಟ್ಸ್‌ನ ಸೇಲಂ ಬಂದರಿನ ಪಾದ್ರಿ ವಿಲಿಯಂ ಬೆಂಟ್ಲಿ 1790ರ ಡಿಸೆಂಬರಿನ ದಿನಚರಿಯಲ್ಲಿ ಮದ್ರಾಸಿನಿಂದ ಬಂದ ಒಬ್ಬ ಮನುಷ್ಯನನ್ನು ಕಂಡದ್ದು ಬರೆದಿದ್ದಾನೆ. ಎತ್ತರದ ಆಳು, ಕಪ್ಪು ಮೈಬಣ್ಣ, ಉದ್ದ ಕೂದಲು. ಜನ ಮಾತ್ರ ಅಲ್ಲ, ಸರಕೂ ಓಡಾಡುತ್ತಿತ್ತು. 1833ರಲ್ಲಿ ಟಸ್ಕನಿ ಎಂಬ ಹಡಗು ಬಾಸ್ಟನ್ನಿನಿಂದ ಕಲ್ಕತ್ತಾಕ್ಕೆ ಮಂಜುಗಡ್ಡೆ ಹೊತ್ತು ಹೋಯಿತು. ಹೊರಟದ್ದು ಸುಮಾರು 180 ಟನ್, ತಲುಪಿದಾಗ ಸುಮಾರು 100 ಟನ್ ಉಳಿದಿತ್ತು. ಚೆನ್ನೈನ ಮರೀನಾ ದಂಡೆಯ ವಿವೇಕಾನಂದರ್ ಇಲ್ಲಂ ನೋಡಿದ್ದೀರಾ? ಅದು ಅಂಥ ಮಂಜುಗಡ್ಡೆ ಇಡಲು ಕಟ್ಟಿದ ಐಸ್ ಹೌಸ್.

ಇನ್ನೊಂದು ಪ್ರಶ್ನೆಯನ್ನು ಬಂದವರು ಕೇಳುತ್ತಿರಲಿಲ್ಲ, ನಾನೇ ಎತ್ತುತ್ತಿದ್ದೆ. ನನ್ನ ಹತ್ತಿಯ ಅಂಗಿ ತೋರಿಸಿ, ಈ ಹತ್ತಿ ಎಲ್ಲಿಂದ ಬರುತ್ತಿತ್ತು ಗೊತ್ತಾ ಅಂತ. ಮ್ಯಾಸಚೂಸೆಟ್ಸ್‌ನಲ್ಲಿ 1780ರ ದಶಕದಲ್ಲೇ ಕೋರ್ಟು ತೀರ್ಪುಗಳಿಂದ ಗುಲಾಮಗಿರಿ ಕೊನೆಗೊಂಡಿತ್ತು. ಆದರೆ ಅಲ್ಲಿಯ ಗಿರಣಿಗಳು ನೂತದ್ದು ದಕ್ಷಿಣದ ತೋಟಗಳಲ್ಲಿ ಗುಲಾಮರು ಬಿಡಿಸಿದ ಹತ್ತಿಯನ್ನು. ಅದೇ ಗುಲಾಮರಿಗೆ ಉಡಿಸುವ ಒರಟು ಬಟ್ಟೆಯನ್ನೂ ನ್ಯೂ ಇಂಗ್ಲೆಂಡಿನ ಗಿರಣಿಗಳು ನೇಯ್ದು ಮಾರಿದವು. ಬೆಣ್ಣೆ, ಬ್ರೆಡ್ಡಿನ ಘಮಘಮದ ನಡುವೆ ಇದನ್ನು ಹೇಳಿದರೆ ಕೆಲವರ ಮುಖ ಸಪ್ಪಗಾಗುತ್ತಿತ್ತು. ಹೆಚ್ಚಿನವರು ಮಾತ್ರ ಅಲ್ಲೇ ನಿಂತು ಇನ್ನೂ ಜಾಸ್ತಿ ಕೇಳುತ್ತಿದ್ದರು.

ನಮ್ಮಲ್ಲೂ ಇಂಥ ಬಯಲು ಮ್ಯೂಸಿಯಂಗಳಿವೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೆ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿದರು. ಮಿಯಾರಿನ ಮನೆ, ಕುಕನೂರಿನ ಕಮಲ್ ಮಹಲ್ ಅಲ್ಲಿವೆ. ರಾಮನಗರದಲ್ಲಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇದೆ. ಚೆನ್ನೈ ಹತ್ತಿರದ ದಕ್ಷಿಣಚಿತ್ರದಲ್ಲಿ ಇಳಕಲ್ ನೇಕಾರರ ಮನೆಯಿದೆ. ಅಮೆರಿಕದವರಿಗೆ ಇಲ್ಲದ ಒಂದು ಭಾಗ್ಯವೂ ನಮಗಿದೆ. ರಾಗಿ ಬೀಸಿದವರು, ಕಣ ಮಾಡಿದವರು, ಏತ ತುಳಿದವರು ಇನ್ನೂ ಬದುಕಿದ್ದಾರೆ. ಇನ್ನು ಎಷ್ಟು ದಿನವೋ. ಇಂಥ ಜಾಗಗಳ ಅಂಗಳದಲ್ಲಿ ಏಪ್ರಿಲ್, ಮೇ ತಿಂಗಳು ಆ ಹಿರಿಯರನ್ನು ಕೂರಿಸಬೇಕು ಅನ್ನೋದು ನನ್ನ ದೊಡ್ಡ ಆಸೆ. ಅವರನ್ನು ಸುಮ್ನೆ ಬನ್ನಿ ಅಂತ ಕರೆಯಬಾರದು, ದಿನಗೂಲಿ ಮರ್ಯಾದೆಯಾಗಿ ಕೊಡಬೇಕು. ಸ್ವಯಂಸೇವೆ ಮಾಡಬೇಕಾದವರು ಪಕ್ಕದಲ್ಲಿ ನಿಂತು ಕಲಿಯುವ ಕಾಲೇಜು ಹುಡುಗ ಹುಡುಗಿಯರು. ಬೀಸುವ ಪದಗಳನ್ನು ಅವರು ಬೀಸುತ್ತಲೇ ಕಲಿಯಲಿ. ಆ ರಾಗಿ ಬೆಳೆದ ಹೊಲ ಯಾರದಾಗಿತ್ತು, ಊರ ಬಾವಿಯಲ್ಲಿ ನೀರು ಸೇದಲು ಯಾರನ್ನು ಬಿಡುತ್ತಿರಲಿಲ್ಲ ಅನ್ನುವುದನ್ನೂ ಅದೇ ಕಲ್ಲಿನ ಮುಂದೆ ಕೂತು ಕೇಳಲಿ, ಬಂದವರಿಗೆ ಹೇಳಲಿ.

ನಮಸ್ಕಾರ.