ಲೋಮೆ, 1963ರ ಜನವರಿ 13

ನಮಸ್ಕಾರ. ಈಗ ಪರದೆಯ ಮೇಲೆ ಕಾಣುತ್ತಿರುವುದು ಪಶ್ಚಿಮ ಆಫ್ರಿಕದ ಟೋಗೋ ದೇಶದ ರಾಜಧಾನಿ ಲೋಮೆ. ಊರಿನ ಪಶ್ಚಿಮದ ಅಂಚಿಗೇ ಘಾನಾದ ಗಡಿ ತಾಗಿಕೊಂಡಿದೆ. ಮನಸ್ಸು ಮಾಡಿದರೆ ಪೇಟೆಯಿಂದ ನಡೆದುಕೊಂಡೇ ಪರದೇಶ ಸೇರಬಹುದು. 1960ರ ಏಪ್ರಿಲ್ 27ರಂದು ಫ್ರೆಂಚರ ಆಡಳಿತದಿಂದ ಬಿಡುಗಡೆಯಾದ ಈ ನಾಡಿನ ಮೊದಲ ಅಧ್ಯಕ್ಷ ಸಿಲ್ವಾನಸ್ ಒಲಿಂಪಿಯೊ, ಮೂರು ವರ್ಷ ತುಂಬುವ ಮೊದಲೇ ಸೈನಿಕರ ಕೈಯಲ್ಲಿ ಹತರಾದರು.

ಜಗಳ ಹುಟ್ಟಿದ್ದು ನೌಕರಿಯ ವಿಷಯಕ್ಕೆ. ಇಂಡೋಚೈನಾ ಮತ್ತು ಅಲ್ಜೀರಿಯಗಳಲ್ಲಿ ಫ್ರಾನ್ಸಿನ ಪರವಾಗಿ ಕಾದಾಡಿದ್ದ ಸುಮಾರು 600 ಮಂದಿ ಸೈನಿಕರು, ಹೆಚ್ಚಿನವರು ಉತ್ತರ ಟೋಗೋದ ಕಾಬ್ಯೆ ಜನಾಂಗದವರು, ಫ್ರೆಂಚ್ ಸೇನೆಯಿಂದ ಬಿಡುಗಡೆಯಾಗಿ ಊರಿಗೆ ಮರಳಿ, ತಮ್ಮನ್ನು ರಾಷ್ಟ್ರೀಯ ಸೇನೆಗೆ ಸೇರಿಸಿಕೊಳ್ಳಿ ಎಂದು ಕೇಳಿದರು. ಆಗ ಟೋಗೋದ ಇಡೀ ಸೈನ್ಯದ ಬಲವೇ ಸುಮಾರು 250. ಲಂಡನ್ನಿನಲ್ಲಿ ಅರ್ಥಶಾಸ್ತ್ರ ಓದಿ, ದೊಡ್ಡ ವ್ಯಾಪಾರಿ ಕಂಪನಿಯೊಂದರಲ್ಲಿ ದುಡಿದು ಬಂದಿದ್ದ ಒಲಿಂಪಿಯೊ ಅವರಿಗೆ ಬೊಕ್ಕಸದ ಲೆಕ್ಕವೇ ಮುಖ್ಯವಾಗಿತ್ತು; ಇಷ್ಟು ಸಣ್ಣ ದೇಶಕ್ಕೆ ದೊಡ್ಡ ಸೈನ್ಯ ಏಕೆ ಎಂಬುದು ಅವರ ವಾದ. ಲೆಕ್ಕ ತಪ್ಪಿರಲಿಲ್ಲವೆಂದೇ ನನಗನಿಸುತ್ತದೆ. ಆದರೆ ಬಂದೂಕು ಹಿಡಿಯುವುದನ್ನು ಬಿಟ್ಟು ಬೇರೆ ಕಸುಬು ಗೊತ್ತಿಲ್ಲದವರನ್ನು ಬರಿಗೈಯಲ್ಲಿ ಕಳುಹಿಸುವುದರ ಅಪಾಯ ಯಾವ ಬಜೆಟ್ಟಿನಲ್ಲೂ ನಮೂದಾಗುವುದಿಲ್ಲ. ಮೇಲಾಗಿ, 1961ರ ಚುನಾವಣೆಯಲ್ಲಿ ವಿರೋಧ ಪಕ್ಷವನ್ನು ಕಣದಿಂದಲೇ ಹೊರಗಿಟ್ಟು 51 ಸ್ಥಾನಗಳನ್ನೂ ತಮ್ಮ ಪಕ್ಷಕ್ಕೇ ಮಾಡಿಕೊಂಡಿದ್ದ ಅವರಿಗೆ, ಕಷ್ಟ ಕಾಲದಲ್ಲಿ ಬೆನ್ನಿಗೆ ನಿಲ್ಲುವವರು ಕಡಿಮೆಯಾಗಿದ್ದರು.

1963ರ ಜನವರಿ 12ರ ನಡುರಾತ್ರಿ ದಾಟಿದ ಮೇಲೆ ಸೈನಿಕರು ಅವರ ಮನೆಗೆ ನುಗ್ಗಿದರು. ಒಲಿಂಪಿಯೊ ಕಿಟಕಿಯಿಂದ ಇಳಿದು, ಗೋಡೆ ಹತ್ತಿ, ಪಕ್ಕದಲ್ಲೇ ಇದ್ದ ಅಮೆರಿಕದ ರಾಯಭಾರ ಕಚೇರಿಯ ಆವರಣಕ್ಕೆ ಹಾರಿ, ಅಲ್ಲಿ ನಿಲ್ಲಿಸಿದ್ದ ಕಾರೊಂದರೊಳಗೆ ಅಡಗಿ ಕುಳಿತರು. ಬೆಳಗಾಗುವ ಹೊತ್ತಿಗೆ ಸೈನಿಕರು ಅವರನ್ನು ಪತ್ತೆಹಚ್ಚಿ ಹೊರಗೆಳೆದು, ಗೇಟಿನ ಬಳಿಯೇ ಗುಂಡಿಟ್ಟು ಕೊಂದರು. ಗುಂಡು ಹಾರಿಸಿದ್ದು ತಾನೇ ಎಂದು ಎತಿಯೆನ್ ಎಯಾಡೆಮಾ ಎಂಬ ಸಾರ್ಜೆಂಟ್ ಪತ್ರಕರ್ತರ ಮುಂದೆ ಹೇಳಿಕೊಂಡ. ಮುಂದೆ ಅಧಿಕಾರದ ರುಚಿ ಹತ್ತಿದ ಮೇಲೆ ಆ ಮಾತನ್ನು ಅಲ್ಲಗಳೆದ.

ದಂಗೆಕೋರರು ಒಲಿಂಪಿಯೊ ಅವರ ಹತ್ತಿರದ ನೆಂಟರೇ ಆಗಿದ್ದ ನಿಕೊಲಾ ಗ್ರುನಿಟ್ಸ್ಕಿ ಅವರನ್ನು ಕರೆತಂದು ಅಧ್ಯಕ್ಷರನ್ನಾಗಿಸಿದರು, ಕೆಲಸ ಕೇಳಿದ್ದ ಸೈನಿಕರಿಗೆ ಸೇನೆಯಲ್ಲಿ ಜಾಗವೂ ಸಿಕ್ಕಿತು. ಅದೇ ಮೇ ತಿಂಗಳಲ್ಲಿ ಅಡಿಸ್ ಅಬಾಬಾದಲ್ಲಿ ಆಫ್ರಿಕದ ನಾಯಕರು ಏಕತಾ ಸಂಘಟನೆಯನ್ನು ಕಟ್ಟಿದಾಗ ಟೋಗೋದ ಹೊಸ ಸರ್ಕಾರವನ್ನು ಹೊರಗಿಟ್ಟರು. ರಾಜಕೀಯ ಹತ್ಯೆಯನ್ನು ಖಂಡಿಸುವ ಮಾತು ಆ ಸಂಘಟನೆಯ ಸನ್ನದಿನಲ್ಲೇ ಸೇರಿತು. ಸನ್ನದು ಕಾಗದದಲ್ಲಿ ಉಳಿಯಿತು, ಟೋಗೋಗೆ ಬಾಗಿಲು ಬೇಗನೇ ತೆರೆಯಿತು. ಕೊಲೆಯಾದರೂ ಮನ್ನಣೆ ಸಿಗುತ್ತದೆ ಎಂಬ ಈ ಅಂಶವೇ ಆ ದಿನದ ಅತಿ ಕೆಟ್ಟ ಫಲ ಎಂದು ನಾನು ಭಾವಿಸುತ್ತೇನೆ.

ಸರಿಯಾಗಿ ನಾಲ್ಕು ವರ್ಷಗಳ ಬಳಿಕ, 1967ರ ಜನವರಿ 13ರಂದೇ, ಎಯಾಡೆಮಾ ಗ್ರುನಿಟ್ಸ್ಕಿಯವರನ್ನೂ ಕೆಳಗಿಳಿಸಿದ. ಆ ದಿನವನ್ನು ವಿಮೋಚನಾ ದಿನವೆಂದು ಸಾರಿ, ಪಥಸಂಚಲನ ಸಹಿತ ರಾಷ್ಟ್ರೀಯ ಹಬ್ಬವಾಗಿ ಆಚರಿಸಿದ. ಒಲಿಂಪಿಯೊ ಅವರ ಮನೆಯವರಿಗೆ ಅದು ತಿಥಿಯ ದಿನ. 2005ರಲ್ಲಿ ತೀರಿಕೊಳ್ಳುವವರೆಗೂ ಅವನೇ ಆಳಿದ, ನಂತರ ಮಗ ಫೋರ್ ಗ್ನಾಸಿಂಗ್ಬೆಯ ಸರದಿ. 2010ರಲ್ಲಿ ಒಲಿಂಪಿಯೊ ಅವರ ಮಗ ಗಿಲ್‌ಕ್ರೈಸ್ಟ್ ಅವರ ಪಕ್ಷವೇ ಆ ಸರ್ಕಾರದೊಂದಿಗೆ ಕೈಜೋಡಿಸಿತು. 2024ರಲ್ಲಿ ಸಂವಿಧಾನ ಬದಲಾಯಿತು. ಅಧ್ಯಕ್ಷ ಹುದ್ದೆ ನಾಮಮಾತ್ರವಾಗಿ, ಅಧಿಕಾರವೆಲ್ಲ ಮಂತ್ರಿಮಂಡಲದ ಮುಖ್ಯಸ್ಥರಿಗೆ ಹೋಯಿತು. 2025ರ ಮೇ ತಿಂಗಳಲ್ಲಿ ಆ ಹುದ್ದೆಗೆ ಪ್ರಮಾಣವಚನ ತೆಗೆದುಕೊಂಡವರೂ ಫೋರ್ ಅವರೇ.