ಸಾಫ್ಟ್‌ವೇರ್ ಎಂಜಿನಿಯರ್ ಸಹಿಗೂ ಒಂದು ಬೆಲೆ ಬೇಕು

ನಮಸ್ಕಾರ. ಇವತ್ತು ಒಂದು ವಾದ ಇಟ್ಟುಕೊಂಡು ಬಂದಿದ್ದೇನೆ. ಕೋಡ್ ಬರೆಯುವ ಎಲ್ಲರಿಗೂ ಲೈಸೆನ್ಸ್ ಬೇಡ. ಆದರೆ ಯಾವ ಸಾಫ್ಟ್‌ವೇರ್ ಲೆಕ್ಕ ನಂಬಿ ಒಬ್ಬರನ್ನು ಜೈಲಿಗೆ ಕಳಿಸಬಹುದೋ, ಅದರ ಹಿಂದೆ ಒಬ್ಬ ಎಂಜಿನಿಯರ್ ಹೆಸರು, ಸಹಿ, ನೋಂದಣಿ ಸಂಖ್ಯೆ ಇರಲೇಬೇಕು. ಯಾಕೆ ಅನ್ನೋದಕ್ಕೆ ಬ್ರಿಟನ್ನಿನ ಅಂಚೆ ಕಚೇರಿಗಳಲ್ಲಿ ನಡೆದದ್ದನ್ನು ಮೊದಲು ಹೇಳಬೇಕು.

1999ರಲ್ಲಿ ಬ್ರಿಟನ್ನಿನ ಪೋಸ್ಟ್ ಆಫೀಸ್ ತನ್ನ ಶಾಖೆಗಳಿಗೆ ಹೊರೈಜನ್ ಎಂಬ ಲೆಕ್ಕದ ಸಾಫ್ಟ್‌ವೇರ್ ಹಾಕತೊಡಗಿತು. ಅದನ್ನು ನಡೆಸಿಕೊಡುತ್ತಿದ್ದದ್ದು ಫುಜಿತ್ಸು ಕಂಪನಿ. ಅಲ್ಲಿ ಸಣ್ಣ ಅಂಚೆ ಕಚೇರಿಗಳು ಎಷ್ಟೋ ಕಡೆ ಅಂಗಡಿಯ ಒಂದು ಮೂಲೆಯಲ್ಲೇ ಇರುತ್ತವೆ. ನಡೆಸುವವರು ಸಬ್ ಪೋಸ್ಟ್‌ಮಾಸ್ಟರ್‌ಗಳು. ಭಾರತ ಮೂಲದವರೂ ಅವರಲ್ಲಿ ಬಹಳ ಜನ ಇದ್ದರು. ಗಲ್ಲಾಪೆಟ್ಟಿಗೆಯ ದುಡ್ಡಿಗೂ ಪರದೆಯ ಮೇಲಿನ ಲೆಕ್ಕಕ್ಕೂ ತಾಳೆ ಆಗದಿದ್ದರೆ, ಕಡಿಮೆ ಬಿದ್ದದ್ದನ್ನು ಕೈಯಿಂದ ತುಂಬಿ ಎಂದು ಪೋಸ್ಟ್ ಆಫೀಸ್ ಪಟ್ಟು ಹಿಡಿಯುತ್ತಿತ್ತು. ತುಂಬಲು ಆಗದವರ ಮೇಲೆ ಕಳ್ಳತನ, ಸುಳ್ಳು ಲೆಕ್ಕದ ಕೇಸು.

ಸೀಮಾ ಮಿಶ್ರಾ ಸರ್ರೆಯ ವೆಸ್ಟ್ ಬೈಫ್ಲೀಟ್‌ನಲ್ಲಿ ಅಂಚೆ ಕಚೇರಿ ನಡೆಸುತ್ತಿದ್ದರು. ಅವರ ಲೆಕ್ಕದಲ್ಲಿ 74 ಸಾವಿರ ಪೌಂಡ್‌ಗಿಂತ ಹೆಚ್ಚಿನ ಹಣ ಕಡಿಮೆ ಬಿತ್ತು. ನಾನು ಕದ್ದಿಲ್ಲ, ಸಾಫ್ಟ್‌ವೇರ್ ನೋಡಿ ಎಂದು ಅವರು ಹೇಳುತ್ತಲೇ ಇದ್ದರು. ಫುಜಿತ್ಸುವಿನ ಒಬ್ಬ ಹಿರಿಯ ಎಂಜಿನಿಯರ್ ಕೋರ್ಟಿಗೆ ಬಂದು ಹೊರೈಜನ್ ಪರವಾಗಿ ಸಾಕ್ಷಿ ಹೇಳಿದರು. 2010ರ ನವೆಂಬರ್‌ನಲ್ಲಿ ಸೀಮಾ ಅವರಿಗೆ 15 ತಿಂಗಳ ಜೈಲು ಶಿಕ್ಷೆ ಆಯಿತು. ಆಗ ಅವರು ಗರ್ಭಿಣಿ.

1999ರಿಂದ 2015ರವರೆಗೆ ಹೀಗೆ ಅಪರಾಧಿಗಳಾದವರು 900ಕ್ಕೂ ಹೆಚ್ಚು ಜನ. ಮನೆ ಮಾರಿದವರಿದ್ದಾರೆ, ಊರು ಬಿಟ್ಟವರಿದ್ದಾರೆ. ಕನಿಷ್ಠ 13 ಜನ ಇದೇ ಕಾರಣಕ್ಕೆ ಜೀವ ಕಳೆದುಕೊಂಡಿರಬಹುದು ಎಂದು ಈ ಹಗರಣದ ಸಾರ್ವಜನಿಕ ವಿಚಾರಣೆಯ 2025ರ ವರದಿ ಹೇಳುತ್ತದೆ. ಲೆಕ್ಕ ತಪ್ಪುತ್ತಿದ್ದದ್ದು ಹೇಗೆ ಗೊತ್ತಾ? ಡಾಲ್ಮೆಲಿಂಗ್ಟನ್ ಎಂಬ ಊರಿನ ಹೆಸರಿನಲ್ಲೇ ಒಂದು ಬಗ್, ಅಂದರೆ ಕೋಡ್‌ನ ದೋಷ, ಇದೆ. ಅಲ್ಲಿ 2015ರಲ್ಲಿ 8,000 ಪೌಂಡ್ ನಗದನ್ನು ನಮೂದಿಸುವಾಗ ಪರದೆ ನಿಂತುಹೋಯಿತು. ಮತ್ತೆ ಎಂಟರ್ ಒತ್ತಿದರು. ಒತ್ತಿದಷ್ಟು ಸಲ ಲೆಕ್ಕಕ್ಕೆ 8,000 ಸೇರಿತು. ಕೋಡ್ ಬರೆಯುವ ನಾವು ದಿನಾ ನೋಡುವಂಥ ಬಗ್ ಇದು. ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ನೋಡುವ ಕೋಡ್ ರಿವ್ಯೂನಲ್ಲಿ ಯಾರೋ ಒಬ್ಬರು ಕೇಳಬೇಕಾದ ಪ್ರಶ್ನೆ, ಅಷ್ಟೇ.

2019ರಲ್ಲಿ ಹೈಕೋರ್ಟ್ ಹೊರೈಜನ್‌ನಲ್ಲಿ ದೋಷಗಳಿದ್ದವು ಎಂದಿತು. ಫುಜಿತ್ಸುವಿನವರು ದೂರದಿಂದಲೇ ಶಾಖೆಯ ಲೆಕ್ಕ ತಿದ್ದಬಹುದಿತ್ತು ಎಂದೂ ಹೇಳಿತು. 2021ರಲ್ಲಿ ಸೀಮಾ ಸೇರಿ 39 ಜನರ ಮೇಲಿನ ತೀರ್ಪು ರದ್ದಾಯಿತು. ಉಳಿದ ಬಹುತೇಕರ ಮೇಲಿನ ತೀರ್ಪನ್ನು 2024ರಲ್ಲಿ ಕಾನೂನು ಮಾಡಿಯೇ ರದ್ದು ಮಾಡಬೇಕಾಯಿತು.

ನನ್ನನ್ನು ಹೆಚ್ಚು ಕಾಡುವುದು ಆ ಎಂಜಿನಿಯರ್ ವಿಷಯ. ಅವರಿಗೆ ಬಗ್‌ಗಳು ಗೊತ್ತಿದ್ದವು, ಕೋರ್ಟಿಗೆ ತಿಳಿಸಲಿಲ್ಲ ಎಂದು ಪೋಸ್ಟ್ ಆಫೀಸಿನ ಪರವಾದ ವಕೀಲರೊಬ್ಬರೇ 2013ರಲ್ಲಿ ಬರೆದಿದ್ದರು. 2024ರಲ್ಲಿ ಆ ಸಾರ್ವಜನಿಕ ವಿಚಾರಣೆಯಲ್ಲಿ ಆ ಎಂಜಿನಿಯರ್ ಕೊಟ್ಟ ಉತ್ತರ, ತಜ್ಞ ಸಾಕ್ಷಿಯ ಕರ್ತವ್ಯ ಏನೆಂದು ತನಗೆ ತಿಳಿದಿರಲಿಲ್ಲ ಎಂಬರ್ಥದ್ದು. ಇದು ಪೂರ್ತಿ ಸುಳ್ಳು ಅಂತ ನನಗೆ ಅನ್ನಿಸುವುದಿಲ್ಲ. ನಮ್ಮ ಕಸುಬಿನಲ್ಲಿ ಇದನ್ನು ಯಾರು ಹೇಳಿಕೊಡುತ್ತಾರೆ? ಪೋಸ್ಟ್‌ಮಾರ್ಟಂ ಮಾಡಿದ ವೈದ್ಯರು ಕೋರ್ಟಿಗೆ ಬಂದು ನನ್ನ ಕರ್ತವ್ಯ ನನಗೆ ಗೊತ್ತಿರಲಿಲ್ಲ ಅಂದರೆ ಯಾರೂ ಒಪ್ಪುವುದಿಲ್ಲ. ಅವರನ್ನು ಕೇಳಲು ಒಂದು ಮೆಡಿಕಲ್ ಕೌನ್ಸಿಲ್ ಇದೆ. ವಕೀಲರಿಗೆ ಬಾರ್ ಕೌನ್ಸಿಲ್ ಇದೆ. ನಮ್ಮನ್ನು ಕೇಳುವುದು ಮ್ಯಾನೇಜರ್ ಮಾತ್ರ. ಅವರು ಕೇಳುವುದೂ ರಿಲೀಸ್ ಡೇಟ್ ಯಾವಾಗ ಅಂತ.

ಹಾಗಾದರೆ ಎಲ್ಲರಿಗೂ ಪರೀಕ್ಷೆ ಇಟ್ಟು ಲೈಸೆನ್ಸ್ ಕೊಟ್ಟುಬಿಟ್ಟರೆ? ಅಮೆರಿಕದಲ್ಲಿ ಅದನ್ನು ಮಾಡಿ ನೋಡಿದ್ದಾರೆ. 1937ರಲ್ಲಿ ಟೆಕ್ಸಾಸ್‌ನ ನ್ಯೂ ಲಂಡನ್ ಎಂಬ ಊರಿನ ಶಾಲೆಯಲ್ಲಿ ಗ್ಯಾಸ್ ಸೋರಿ ಸ್ಫೋಟವಾಗಿ ಸುಮಾರು 300 ಜನ ಸತ್ತರು. ಹೆಚ್ಚಿನವರು ಮಕ್ಕಳು. ಅದೇ ವರ್ಷ ಆ ರಾಜ್ಯ ಎಂಜಿನಿಯರ್‌ಗಳಿಗೆ ಲೈಸೆನ್ಸ್ ಕಾನೂನು ತಂದಿತು. 1998ರಲ್ಲಿ ಸಾಫ್ಟ್‌ವೇರ್ ಎಂಜಿನಿಯರಿಂಗನ್ನೂ ಮೊದಲು ಅದರೊಳಗೆ ಸೇರಿಸಿಕೊಂಡದ್ದು ಟೆಕ್ಸಾಸೇ. 2013ರಲ್ಲಿ ಲೈಸೆನ್ಸಿಗಾಗಿ ರಾಷ್ಟ್ರಮಟ್ಟದ ಪರೀಕ್ಷೆಯೂ ಶುರುವಾಯಿತು. 2019ರಲ್ಲಿ ನಿಂತೇಹೋಯಿತು. ಅಷ್ಟು ವರ್ಷದಲ್ಲಿ ಪರೀಕ್ಷೆ ಬರೆದವರು ಒಟ್ಟು 81 ಜನ.

ಯಾಕೆ ಸೋತಿತು? ಆ ಲೈಸೆನ್ಸ್ ಇಲ್ಲದೆ ಮಾಡಲಾಗದ ಕೆಲಸ ಎಂಬುದೇ ಹೆಚ್ಚುಕಡಿಮೆ ಇರಲಿಲ್ಲ. ಸೇತುವೆಯ ನಕ್ಷೆಗೆ ಸಹಿ ಬೇಕು, ಸಹಿಗೆ ಲೈಸೆನ್ಸ್ ಬೇಕು. ಸಾಫ್ಟ್‌ವೇರ್‌ಗೆ ಯಾರೂ ಸಹಿಯನ್ನೇ ಕೇಳಲಿಲ್ಲ. ಸಹಿ ಕೇಳದೆ ಲೈಸೆನ್ಸ್ ಕೊಟ್ಟರೆ ಅದು ಗೋಡೆಗೆ ನೇತುಹಾಕುವ ಕಾಗದ.

ಸಹಿಯಿಂದ ಎಂಜಿನಿಯರ್‌ಗೇನು ಲಾಭ ಅಂತ ಕೇಳುವವರಿಗೆ ಫೋಕ್ಸ್‌ವ್ಯಾಗನ್ ಪ್ರಕರಣ ನೆನಪಿಸುತ್ತೇನೆ. ಹೊಗೆ ಪರೀಕ್ಷೆ ನಡೆಯುತ್ತಿದೆಯಾ ಎಂದು ಕಾರಿನ ಸಾಫ್ಟ್‌ವೇರ್ ತಾನೇ ಗುರುತಿಸಿ, ಆ ಹೊತ್ತಿಗೆ ಮಾತ್ರ ಹೊಗೆ ಕಡಿಮೆ ಮಾಡುತ್ತಿತ್ತು. ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಕಾರುಗಳಲ್ಲಿ. 2015ರಲ್ಲಿ ಕಂಪನಿಯ ಅಮೆರಿಕ ಮುಖ್ಯಸ್ಥ ಸಂಸತ್ತಿನ ಮುಂದೆ ಕೂತು, ಇದು ಒಂದಿಬ್ಬರು ಸಾಫ್ಟ್‌ವೇರ್ ಎಂಜಿನಿಯರ್‌ಗಳ ಕೆಲಸ ಎಂದರು. ಜೇಮ್ಸ್ ಲಿಯಾಂಗ್ ಎಂಬ ಎಂಜಿನಿಯರ್‌ಗೆ 2017ರಲ್ಲಿ 40 ತಿಂಗಳ ಜೈಲಾಯಿತು. ಅವರು ಮಾಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಶಿಕ್ಷೆಯ ಹೊತ್ತಿಗೆ ಎಂಜಿನಿಯರ್ ಹೆಸರು ಎಲ್ಲರಿಗೂ ನೆನಪಾಗುತ್ತದೆ. ಮೀಟಿಂಗ್‌ನಲ್ಲಿ ಬೇಡ ಅನ್ನಬೇಕಾದಾಗ ಆ ಹೆಸರಿಗೆ ಯಾವ ಬಲವೂ ಇರುವುದಿಲ್ಲ. ಸಾರ್, ಇದಕ್ಕೆ ಸಹಿ ಹಾಕಿದರೆ ನನ್ನ ಲೈಸೆನ್ಸ್ ಹೋಗುತ್ತದೆ, ಬೇರೆಯವರನ್ನು ಕೇಳಿದರೂ ಅವರ ಲೈಸೆನ್ಸೂ ಹೋಗುತ್ತದೆ ಎಂದು ಹೇಳಲು ಸಾಧ್ಯವಾಗಬೇಕು. ನನಗೆ ಲೈಸೆನ್ಸ್ ಬೇಕಿರುವುದು ಮುಖ್ಯವಾಗಿ ಈ ಒಂದು ಮಾತಿಗೆ.

ಈಗ ನಮ್ಮ ದೇಶಕ್ಕೆ ಬರೋಣ. ಇಂಗ್ಲೆಂಡಿನಲ್ಲಿ ಕಂಪ್ಯೂಟರ್ ದಾಖಲೆಯನ್ನು ಕೋರ್ಟಿಗೆ ತಂದಾಗ, ಆ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತು ಎಂದು ಸಾಬೀತು ಮಾಡಬೇಕಿದ್ದ ನಿಯಮವನ್ನು ತೆಗೆದುಹಾಕುವ ಕಾನೂನು ಬಂದದ್ದು 1999ರಲ್ಲಿ, ಹೊರೈಜನ್ ಶುರುವಾದ ವರ್ಷವೇ. ನಮ್ಮಲ್ಲಿ ಹಾಗಿಲ್ಲ, ಅದು ಸಂತೋಷದ ವಿಷಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಸರ್ಟಿಫಿಕೇಟ್ ಬೇಕು. ಅದರಲ್ಲಿ ಎರಡು ಭಾಗ. ಮೊದಲನೆಯದಕ್ಕೆ ದಾಖಲೆ ಕೊಡುವವರ ಸಹಿ. ಕಂಪ್ಯೂಟರ್ ಆ ಅವಧಿಯಲ್ಲಿ ಸರಿಯಾಗಿ ಕೆಲಸ ಮಾಡುತ್ತಿತ್ತು ಎಂದು ಹೇಳುವವರು ಇವರೇ. ಎರಡನೆಯದಕ್ಕೆ ತಜ್ಞರ ಸಹಿ, ದಾಖಲೆಯ ಹ್ಯಾಶ್ ಸಂಖ್ಯೆಯೊಂದಿಗೆ. ಹ್ಯಾಶ್ ಅಂದರೆ ದಾಖಲೆಯಿಂದ ಲೆಕ್ಕ ಹಾಕಿ ತೆಗೆದ, ಅದರ ಬೆರಳಚ್ಚಿನಂಥ ಸಂಖ್ಯೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಹ್ಯಾಶ್ ಹೇಳುವುದು ದಾಖಲೆ ಆಮೇಲೆ ಬದಲಾಗಿಲ್ಲ ಎಂದು ಮಾತ್ರ. ದಾಖಲೆ ಮೊದಲಿಗೇ ತಪ್ಪಾಗಿ ಹುಟ್ಟಿದ್ದರೆ? ಡಾಲ್ಮೆಲಿಂಗ್ಟನ್‌ನ ಆ ಲೆಕ್ಕಕ್ಕೂ ಹ್ಯಾಶ್ ತೆಗೆದಿದ್ದರೆ ಸರಿಯಾಗಿಯೇ ಬರುತ್ತಿತ್ತು. ಇನ್ನು ಕಂಪ್ಯೂಟರ್ ಸರಿ ಇತ್ತು ಎಂದು ಸಹಿ ಹಾಕುವವರು ಒಂದು ಶಾಖೆಯ ಮ್ಯಾನೇಜರ್ ಆಗಿರಬಹುದು. ಬೆಂಗಳೂರಿನಲ್ಲೋ ಪುಣೆಯಲ್ಲೋ ಕೂತು ಬರೆದ ಕೋಡ್‌ನಲ್ಲಿ ಯಾವ ಬಗ್ ಇತ್ತು ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಗೊತ್ತಿರುವುದು ಆ ತಂಡಕ್ಕೆ. ಅವರ ಹತ್ತಿರ ಟಿಕೆಟ್‌ಗಳಿವೆ, ಅಂದರೆ ಬಂದ ದೂರುಗಳ ದಾಖಲೆ. ನೋನ್ ಇಶ್ಯೂಸ್, ಅಂದರೆ ಗೊತ್ತಿರುವ ದೋಷಗಳ ಪಟ್ಟಿ ಇದೆ. ಆ ಪಟ್ಟಿಯೇ ಕೋರ್ಟಿಗೆ ಬರಬೇಕಾದದ್ದು.

ಇದಕ್ಕೆ ಮಾದರಿ ನಮ್ಮಲ್ಲೇ ಇದೆ. 2019ರಿಂದ ಚಾರ್ಟರ್ಡ್ ಅಕೌಂಟೆಂಟ್‌ಗಳು ಸಹಿ ಮಾಡುವ ಸರ್ಟಿಫಿಕೇಟ್‌ಗೆ ಯುಡಿಐಎನ್ ಎಂಬ ಸಂಖ್ಯೆ ಇರಲೇಬೇಕು. ಸರ್ಟಿಫಿಕೇಟ್ ಅಸಲಿಯಾ ಎಂದು ಆನ್‌ಲೈನ್‌ನಲ್ಲಿ ನೋಡಬಹುದು. ಸಹಿ ಮಾಡಿದವರು ತಪ್ಪು ಮಾಡಿದ್ದರೆ ಅವರ ಸಂಸ್ಥೆಗೇ ದೂರು ಕೊಡಬಹುದು.

ಲೈಸೆನ್ಸ್ ಮಂಡಳಿಗಳ ಬಗ್ಗೆ ಭಯ ಇರುವವರ ಮಾತನ್ನೂ ನಾನು ಗೌರವಿಸುತ್ತೇನೆ. ಟ್ರಾಫಿಕ್ ಸಿಗ್ನಲ್‌ನ ಹಳದಿ ದೀಪದ ಲೆಕ್ಕ ತಪ್ಪಿದೆ ಎಂದು ತೋರಿಸುತ್ತಾ, ನಾನೊಬ್ಬ ಎಂಜಿನಿಯರ್ ಎಂದು ಬರೆದದ್ದಕ್ಕೆ ಅಮೆರಿಕದ ಆರೆಗಾನ್ ರಾಜ್ಯದ ಮಂಡಳಿ ಒಬ್ಬರಿಗೆ 500 ಡಾಲರ್ ದಂಡ ಹಾಕಿತ್ತು. ಕೊನೆಗೆ ಕೋರ್ಟ್ ಅವರ ಪರ ನಿಂತಿತು. ಅಂಥ ಮಂಡಳಿ ನಮಗೂ ಬೇಡ. ನಮ್ಮಲ್ಲಿ ಸಿವಿಲ್, ಮೆಕ್ಯಾನಿಕಲ್, ಬಿಎಸ್ಸಿ ಓದಿ ಒಳ್ಳೆಯ ಕೋಡ್ ಬರೆಯುವವರು ಎಷ್ಟು ಜನ ಇದ್ದಾರೆ! ಅವರ ದಾರಿಗೆ ಯಾರೂ ಅಡ್ಡ ಬರಬಾರದು. ಹೆಸರು ಏನು ಬೇಕಾದರೂ ಇಟ್ಟುಕೊಳ್ಳಲಿ, ಕೋಡ್ ಯಾರು ಬೇಕಾದರೂ ಬರೆಯಲಿ.

ದೊಡ್ಡ ತಂಡದಲ್ಲಿ ಒಬ್ಬರಿಗೇ ಎಲ್ಲ ಗೊತ್ತಿರುವುದಿಲ್ಲ ಅನ್ನುವುದೂ ನಿಜ. ಅದಕ್ಕೇ ನಾನು ಕೇಳುತ್ತಿರುವುದು ಸಾಫ್ಟ್‌ವೇರ್‌ನಲ್ಲಿ ತಪ್ಪೇ ಇಲ್ಲ ಎಂಬ ಸಹಿಯನ್ನಲ್ಲ. ಆ ಸಹಿಯನ್ನು ಪ್ರಾಮಾಣಿಕರು ಯಾರೂ ಹಾಕಲಾರರು. ಕೇಳುತ್ತಿರುವುದು ಇಷ್ಟು: ಹಣಕಾಸಿನ ಕೇಸಿನಲ್ಲಿ ಒಂದು ಸಾಫ್ಟ್‌ವೇರ್ ಲೆಕ್ಕವನ್ನು ಒಬ್ಬರ ವಿರುದ್ಧ ಸಾಕ್ಷಿಯಾಗಿ ತಂದಾಗ, ಸರ್ಟಿಫಿಕೇಟ್‌ಗೆ ಮೂರನೆಯ ಭಾಗವೊಂದು ಸೇರಲಿ. ಆ ಅವಧಿಯಲ್ಲಿ ನಮಗೆ ಗೊತ್ತಿದ್ದ ಬಗ್‌ಗಳು ಇವು, ಲೆಕ್ಕವನ್ನು ಹೊರಗಿನಿಂದ ತಿದ್ದಲು ಅವಕಾಶ ಇದ್ದದ್ದು ಇವರಿಗೆ, ಯಾವಾಗ ಏನು ತಿದ್ದಿದರು ಎಂಬುದರ ದಾಖಲೆ ಇಲ್ಲಿದೆ. ಕೆಳಗೆ ಆ ಸಾಫ್ಟ್‌ವೇರ್ ಬಲ್ಲ ಒಬ್ಬ ಎಂಜಿನಿಯರ್ ಸಹಿ, ಯುಡಿಐಎನ್ ಥರದ ಒಂದು ಸಂಖ್ಯೆ. ಸಹಿ ಹಾಕಿದವರು ಕಂಪನಿಗಲ್ಲ, ಕಾನೂನಿನಿಂದ ಹುಟ್ಟಿದ ಒಂದು ಮಂಡಳಿಗೆ ಉತ್ತರ ಕೊಡಬೇಕು. ಬಗ್ ಮುಚ್ಚಿಟ್ಟರೆ ನೋಂದಣಿ ರದ್ದು. ಸಹಿ ಹಾಕಲು ಒಪ್ಪದ ಎಂಜಿನಿಯರ್‌ನನ್ನು ಅದೇ ಕಾರಣಕ್ಕೆ ಕೆಲಸದಿಂದ ತೆಗೆದರೆ, ಕಂಪನಿಗೆ ದಂಡ.